ಕಲ್ಲಿದ್ದಲು ನಿಂತ ಮೇಲೆ ಹೆಲ್ಸಿಂಕಿಯ ಮನೆಗಳು ಬೆಚ್ಚಗಿರೋದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ದಾವಣಗೆರೆಯವರು, ಕೆಲವು ವರ್ಷಗಳಿಂದ ಹೆಲ್ಸಿಂಕಿಯಲ್ಲಿ ಇದ್ದೇವೆ. ಹಳೇ ಅಪಾರ್ಟ್‌ಮೆಂಟು, ಕಿಟಕಿ ಕೆಳಗೆ ರೇಡಿಯೇಟರ್, ಬಿಸಿ ಬರೋದು ನಗರದ ಡಿಸ್ಟ್ರಿಕ್ಟ್ ಹೀಟಿಂಗ್ ಪೈಪಿನಿಂದ, ಅಂದರೆ ಒಂದು ಕಡೆ ಕಾಯಿಸಿದ ನೀರನ್ನು ಪೈಪಿನಲ್ಲಿ ಕಟ್ಟಡಗಳಿಗೆಲ್ಲ ಕಳಿಸ್ತಾರೆ. ಕಲ್ಲಿದ್ದಲು ಸ್ಥಾವರ ಮುಚ್ಚಿದರು, ಇನ್ನು ಮೇಲೆ ಕರೆಂಟಿನಿಂದಲೇ ಎಲ್ಲ ಅಂತ ಆಫೀಸಿನಲ್ಲಿ ಹೇಳ್ತಾರೆ. ಊರಲ್ಲಿ ಗೀಸರ್ ಹತ್ತು ನಿಮಿಷ ಜಾಸ್ತಿ ಉರಿದರೆ ಅಪ್ಪ ಬೈತಿದ್ರು. ಇಲ್ಲಿ ಇಡೀ ನಗರವನ್ನೇ ಕರೆಂಟಿನಲ್ಲಿ ಕಾಯಿಸ್ತಾರಾ? ಇದು ದುಂದಲ್ವಾ? ಮೈನಸ್ 20ರಲ್ಲಿ ಕರೆಂಟು ಹೋದರೆ ಮಕ್ಕಳನ್ನು ಕಟ್ಟಿಕೊಂಡು ಏನು ಮಾಡೋದು? ಬಿಲ್ ಏರುತ್ತಾ?

ಉತ್ತರ: ನಿಮ್ಮ ತಂದೆ ಬೈದದ್ದು ಸರಿಯಾಗೇ ಇದೆ. ಗೀಸರ್ ಒಂದು ಯೂನಿಟ್ ಕರೆಂಟು ತಿಂದು ಒಂದು ಯೂನಿಟ್ ಬಿಸಿ ಕೊಡುತ್ತದೆ, ಅದಕ್ಕಿಂತ ಒಂದು ಚೂರೂ ಜಾಸ್ತಿ ಇಲ್ಲ. ಹೆಲ್ಸಿಂಕಿಯನ್ನು ಇದೇ ರೀತಿ ಕಾಯಿಸಲು ಹೊರಟರೆ ಏನಾಗುತ್ತೆ ನೋಡಿ. ಕೊರೆಯುವ ಚಳಿಯ ದಿನ ಈ ನಗರದ ಪೈಪುಗಳಿಗೆ ಬೇಕಾಗುವ ಬಿಸಿ 2,500 ಮೆಗಾವ್ಯಾಟ್ ಆಸುಪಾಸು. 2016ರ ಜನವರಿ 7ರಂದು ಇಡೀ ಫಿನ್ಲೆಂಡ್ ದೇಶ ಒಂದೇ ಗಂಟೆಯಲ್ಲಿ ಬಳಸಿದ ಕರೆಂಟು 15,105 ಮೆಗಾವ್ಯಾಟ್, ಆಗಿನ ಮಟ್ಟಿಗೆ ಅದೇ ದಾಖಲೆ. ಅಂದರೆ ಒಂದು ನಗರದ ಬಿಸಿಗೇ ದೇಶದ ಕರೆಂಟಿನ ಆರನೇ ಒಂದು ಪಾಲು ಹೋಗುತ್ತೆ. ಅಷ್ಟು ಹುಚ್ಚುತನಕ್ಕೆ ಯಾರೂ ಕೈಹಾಕಿಲ್ಲ.

ಹಾಗಾದರೆ ನಡೆಯುತ್ತಿರೋದು ಏನು? ಎಲ್ಲೋ ಸುಮ್ನೆ ಹರಿದುಹೋಗುತ್ತಿದ್ದ ಉಗುರುಬೆಚ್ಚಗಿನ ನೀರಿನಿಂದ ಬಿಸಿಯನ್ನು ಎತ್ತಿಕೊಳ್ಳೋದು, ಗಾಳಿ ಬೀಸಿ ಕರೆಂಟು ಅಗ್ಗವಾದ ಗಂಟೆಯಲ್ಲಿ ದೊಡ್ಡ ಎಲೆಕ್ಟ್ರಿಕ್ ಬಾಯ್ಲರ್ ಓಡಿಸೋದು, ಹೀಗೆ ಬಂದ ಬಿಸಿಯನ್ನು ನೆಲದಡಿ ಕೂಡಿಡೋದು. ಕರೆಂಟು ಎಷ್ಟು ಬೇಕು ಅನ್ನೋದಕ್ಕಿಂತ ಯಾವ ಗಂಟೆಯಲ್ಲಿ ಬೇಕು ಅನ್ನೋದೇ ಇಲ್ಲಿ ದೊಡ್ಡ ಪ್ರಶ್ನೆ. ಇದನ್ನು ಬಿಟ್ಟು ಬರೀ ವರ್ಷದ ಸರಾಸರಿ ಹೇಳುವವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ, ಅವರು ಯಾವ ಪಕ್ಷದವರಾದರೂ ಸರಿ.

ಮೊದಲು ಹಳೆಯದನ್ನು ನೋಡೋಣ, ಯಾಕೆಂದರೆ ಅದು ದಡ್ಡ ವ್ಯವಸ್ಥೆಯೇನೂ ಆಗಿರಲಿಲ್ಲ. ಹಾನಸಾರಿ ಸ್ಥಾವರ 2023ರ ಏಪ್ರಿಲ್ 1ಕ್ಕೆ ನಿಂತಿತು, ಸಾಲ್ಮಿಸಾರಿಯಲ್ಲಿ ಕಲ್ಲಿದ್ದಲು 2025ರ ಏಪ್ರಿಲ್ 1ಕ್ಕೆ ಮುಗಿಯಿತು. ಇಂಧನಕ್ಕಾಗಿ ಕಲ್ಲಿದ್ದಲು ಸುಡೋದನ್ನು ಫಿನ್ಲೆಂಡಿನ ಕಾನೂನು 2029ರ ಮೇ ತಿಂಗಳಿಂದ ನಿಷೇಧಿಸಿದೆ, ನಗರದ ಕಂಪನಿ ಹೆಲೆನ್ ನಾಲ್ಕು ವರ್ಷ ಮೊದಲೇ ಕೈತೊಳೆದುಕೊಂಡಿತು. ಆ ಸ್ಥಾವರಗಳು ಬರೀ ಬಿಸಿಗೆಂದು ಕಲ್ಲಿದ್ದಲು ಸುಡುತ್ತಿರಲಿಲ್ಲ. ಮೊದಲು ಹಬೆಯಿಂದ ಟರ್ಬೈನ್ ತಿರುಗಿಸಿ ಕರೆಂಟು ತೆಗೆಯುತ್ತಿದ್ದರು. ಮಾಮೂಲಿ ಥರ್ಮಲ್ ಸ್ಥಾವರದಲ್ಲಿ, ನಮ್ಮ ರಾಯಚೂರಿನದನ್ನೇ ತಗೊಳ್ಳಿ, ಉಳಿದ ಬಿಸಿಯೆಲ್ಲ ಕೂಲಿಂಗ್ ಟವರಿನಿಂದ ಆಕಾಶಕ್ಕೆ ಹೋಗುತ್ತೆ. ಇಲ್ಲಿ ಅದನ್ನೇ ನಗರದ ಪೈಪಿಗೆ ಬಿಡುತ್ತಿದ್ದರು. ಸುಟ್ಟ ಇಂಧನದ ನೂರರಲ್ಲಿ 90ರಷ್ಟು ಪಾಲು ಏನಾದರೊಂದು ಕೆಲಸಕ್ಕೆ ಬರುತ್ತಿತ್ತು.

ಅದನ್ನು ನಿಲ್ಲಿಸಿದ್ದಕ್ಕೆ ಹವಾಮಾನದ ಕಾರಣ ಒಂದಾದರೆ ದುಡ್ಡಿನ ಕಾರಣ ಇನ್ನೊಂದು. ಒಂದು ಮೆಗಾವ್ಯಾಟ್-ಅವರ್‌ನಷ್ಟು (ಅಂದರೆ ಸಾವಿರ ಯೂನಿಟ್ ಶಕ್ತಿ ಕೊಡುವಷ್ಟು) ಕಲ್ಲಿದ್ದಲು ಸುಟ್ಟರೆ ಸುಮಾರು 0.34 ಟನ್ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತೆ. ಯುರೋಪಿನಲ್ಲಿ ಪ್ರತಿ ಟನ್ನಿಗೂ ಪರವಾನಗಿ ಕೊಳ್ಳಬೇಕು. ಟನ್ನಿಗೆ 70 ಯೂರೋ ಅಂದುಕೊಂಡರೆ ಕಲ್ಲಿದ್ದಲಿನ ಬೆಲೆಯ ಮೇಲೆ ಇನ್ನೊಂದು 24 ಯೂರೋ ಬಿತ್ತು.

ಆದರೆ ವಿದ್ಯುದೀಕರಣದ ಪರ ಮಾತಾಡುವವರು ಬಾಯಿ ಬಿಡದ ಒಂದು ಸಂಗತಿ ಇದೆ. ಈ ಸ್ಥಾವರಗಳು ಚಳಿ ಹೆಚ್ಚಾದಷ್ಟೂ ಕರೆಂಟನ್ನೂ ಹೆಚ್ಚು ಕೊಡುತ್ತಿದ್ದವು. ಈಗ ಆ ಕರೆಂಟು ಹೋಯಿತು, ಅದೇ ಜಾಗಕ್ಕೆ ಕರೆಂಟು ತಿನ್ನುವ ಯಂತ್ರ ಬಂತು. ಒಂದೇ ದಿನ, ಒಂದೇ ಗಂಟೆಯಲ್ಲಿ ತಕ್ಕಡಿಯ ಎರಡೂ ಕಡೆ ಏಟು ಬೀಳುತ್ತೆ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಬಿಸಿ ಎತ್ತುವ ಯಂತ್ರ, ಹೀಟ್ ಪಂಪ್. ಹೊಸದೇನಲ್ಲ, ಮನೆಯ ಎಸಿ ಮಾಡೋ ಕೆಲಸವೇ. ಎಸಿ ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತೆ, ಇದು ತಣ್ಣಗಿರುವ ಕಡೆಯಿಂದ ಬಿಸಿ ಎಳೆದು ಪೈಪಿಗೆ ಹಾಕುತ್ತೆ. ಕರೆಂಟು ಖರ್ಚಾಗೋದು ಬಿಸಿ ಹುಟ್ಟಿಸೋಕಲ್ಲ, ಬಿಸಿ ಸಾಗಿಸೋಕೆ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಬಿಸಿ ಸಿಗುತ್ತೆ ಅಂದರೆ ಅದರಲ್ಲಿ ಮಾಯ ಏನೂ ಇಲ್ಲ.

ಹೆಲ್ಸಿಂಕಿಯಲ್ಲಿ ಇದನ್ನು ನೋಡಬೇಕೆಂದರೆ ಕಾತ್ರಿ ವಾಲಾ ಪಾರ್ಕಿಗೆ ಹೋಗಿ. ಮೇಲೆ ಹುಲ್ಲು, ಮರ, ಬೆಂಚು. ಕೆಳಗೆ ಬಂಡೆ ಕೊರೆದು ಮಾಡಿದ ಗುಹೆಯಲ್ಲಿ ಸಾಲಾಗಿ ಹೀಟ್ ಪಂಪುಗಳು ನಿಂತಿವೆ. 2006ರಲ್ಲಿ ಐದು ಪಂಪಿನಿಂದ ಶುರುವಾಯಿತು, 90 ಮೆಗಾವ್ಯಾಟ್ ಬಿಸಿ. ಆಮೇಲೆ ಇನ್ನೆರಡು ಸೇರಿಸಿದರು. ಇವಕ್ಕೆ ಬಿಸಿ ಸಿಗೋದು ಎಲ್ಲಿಂದ ಗೊತ್ತಾ? ನೀವು ಬೆಳಿಗ್ಗೆ ಸ್ನಾನ ಮಾಡಿ ಬಿಟ್ಟ ನೀರು, ಪಾತ್ರೆ ತೊಳೆದ ನೀರು, ಊರಿನ ಚರಂಡಿ ನೀರೆಲ್ಲ ವೀಕಿನ್‌ಮ್ಯಾಕಿ ಶುದ್ಧೀಕರಣ ಘಟಕಕ್ಕೆ ಹೋಗಿ, ಅಲ್ಲಿ ಸ್ವಚ್ಛವಾಗಿ, ಸುರಂಗದ ಮೂಲಕ ಸಮುದ್ರ ಸೇರುತ್ತೆ. ಹೊರಗೆ ಸಮುದ್ರ ಹೆಪ್ಪುಗಟ್ಟಿದ್ದರೂ ಸುರಂಗದ ನೀರು ಹತ್ತಿರ ಹತ್ತಿರ 10 ಡಿಗ್ರಿ ಇರುತ್ತೆ. ಅದನ್ನು ಇನ್ನೊಂದಷ್ಟು ತಣ್ಣಗೆ ಮಾಡಿ, ಬಂದ ಬಿಸಿಯನ್ನು 80 ಡಿಗ್ರಿಯ ಮೇಲಕ್ಕೆ ಏರಿಸಿ ವಾಪಸ್ ನಿಮ್ಮ ಮನೆಗೇ ಕಳಿಸುತ್ತಾರೆ. ಬೇಸಿಗೆಯಲ್ಲಿ ಇದೇ ಯಂತ್ರಗಳ ತಣ್ಣಗಿನ ತುದಿಯಿಂದ ಕಚೇರಿ, ಅಂಗಡಿಗಳಿಗೆ ತಂಪು ನೀರು ಹೋಗುತ್ತೆ. ಒಂದೇ ಕರೆಂಟಿನಲ್ಲಿ ಬಿಸಿಯೂ ಆಯಿತು, ತಂಪೂ ಆಯಿತು. ನನಗೆ ಈ ಊರಿನ ಅತಿ ಸುಂದರ ಯಂತ್ರ ಅಂದರೆ ಇದೇ. ಪ್ರವಾಸಿಗರು ಮಾತ್ರ ಚರ್ಚ್ ನೋಡಿ ಹೊರಟುಹೋಗುತ್ತಾರೆ.

ಪಕ್ಕದ ಎಸ್ಪೂನಲ್ಲಿ ಮೈಕ್ರೋಸಾಫ್ಟ್ ಡೇಟಾ ಸೆಂಟರುಗಳ ಬಿಸಿಯನ್ನು ಫೋರ್ಟಮ್ ಕಂಪನಿ ಪೈಪಿಗೆ ತಿರುಗಿಸುವ ಯೋಜನೆ 2022ರಲ್ಲಿ ಘೋಷಣೆಯಾಯಿತು. ಆ ಭಾಗದ ಪೈಪ್ ಜಾಲಕ್ಕೆ ಬೇಕಾದ ಬಿಸಿಯಲ್ಲಿ ಸುಮಾರು 40 ಶೇಕಡಾ ಅಲ್ಲಿಂದಲೇ ಬರಬೇಕು ಅನ್ನೋದು ಅವರ ಲೆಕ್ಕ. ಐಟಿಯವರು ಬರೆದ ಕೋಡು ಕೊನೆಗೂ ಯಾರದೋ ಸ್ನಾನದ ನೀರು ಕಾಯಿಸುತ್ತೆ ಅಂದುಕೊಳ್ಳಿ.

ಸಮುದ್ರ ಇದೆಯಲ್ಲ, ಅದರಿಂದಲೇ ಎಳೆಯಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಎಳೆಯುತ್ತಾರೆ, ಬೇರೆ ಊರುಗಳಲ್ಲಿ. ಸ್ಟಾಕ್‌ಹೋಮಿನ ರೋಪ್‌ಸ್ಟೆನ್‌ನಲ್ಲಿ 1980ರ ದಶಕದಿಂದಲೂ ಸಮುದ್ರದ ನೀರಿನ ಹೀಟ್ ಪಂಪುಗಳು ಓಡುತ್ತಿವೆ. ಡೆನ್ಮಾರ್ಕಿನ ಎಸ್‌ಬ್ಯೆರ್ಗ್‌ನಲ್ಲಿ ಕಲ್ಲಿದ್ದಲು ಸ್ಥಾವರದ ಬದಲಿಗೆ ಬಂದ ವ್ಯವಸ್ಥೆಯಲ್ಲಿ 70 ಮೆಗಾವ್ಯಾಟಿನ ಸಮುದ್ರ ಹೀಟ್ ಪಂಪ್ ಇದೆ, ಅದರೊಳಗೆ ಓಡುವ ಅನಿಲ ಕಾರ್ಬನ್ ಡೈಆಕ್ಸೈಡೇ. ಹೆಲ್ಸಿಂಕಿಯ ಕಷ್ಟ ಏನೆಂದರೆ ದಡದ ಬಳಿ ಸಮುದ್ರ ಆಳವಿಲ್ಲ. ಚಳಿಗಾಲದಲ್ಲಿ ನೀರು ಸೊನ್ನೆಯ ಹತ್ತಿರ ಬಂದುಬಿಡುತ್ತೆ. ಅದರಿಂದ ಇನ್ನೂ ಬಿಸಿ ಕಿತ್ತರೆ ಪೈಪಿನಲ್ಲೇ ಐಸ್ ಕಟ್ಟುತ್ತೆ. ಸ್ವಲ್ಪ ಬೆಚ್ಚಗಿನ ನೀರು ಬೇಕೆಂದರೆ ದೂರದ ಆಳಕ್ಕೆ ಸುರಂಗ ತೋಡಬೇಕು. ಅದನ್ನೂ ಲೆಕ್ಕ ಹಾಕಿ ನೋಡಿದರು, ದುಡ್ಡು ಗಿಟ್ಟಲಿಲ್ಲ, ಕೈಬಿಟ್ಟರು. ನಗರವೇ ಹತ್ತು ಲಕ್ಷ ಯೂರೋ ಬಹುಮಾನ ಇಟ್ಟು ಒಂದು ಸ್ಪರ್ಧೆ ಮಾಡಿ 2021ರಲ್ಲಿ ಗೆದ್ದವರನ್ನು ಘೋಷಿಸಿತ್ತು. ಗೆದ್ದ ಯೋಜನೆಗಳಲ್ಲಿ ಒಂದು, ಸಮುದ್ರದ ಮೇಲೆ ತೇಲುವ ಭಾರೀ ಬಿಸಿನೀರಿನ ತೊಟ್ಟಿಗಳು, ಮೇಲೆ ಗಾಜಿನ ಗುಮ್ಮಟ, ಒಳಗೆ ಕಾಡು. ಚಿತ್ರ ಬಹಳ ಚೆನ್ನಾಗಿತ್ತು. ನಿಮ್ಮ ಮನೆಯನ್ನು ಬೆಚ್ಚಗಿಡುತ್ತಿರೋದು ಮಾತ್ರ ಚರಂಡಿ ನೀರು.

ಇನ್ನು ಕಾವಿನ ವಿಷಯ. ಹೀಟ್ ಪಂಪಿಗೆ ಕಷ್ಟ ಆಗೋದು ಎಷ್ಟು ಬಿಸಿ ಅನ್ನೋದರಿಂದಲ್ಲ, ಎಷ್ಟು ಡಿಗ್ರಿ ಮೇಲಕ್ಕೆ ಏರಿಸಬೇಕು ಅನ್ನೋದರಿಂದ. 10 ಡಿಗ್ರಿ ನೀರಿನಿಂದ 85 ಡಿಗ್ರಿಗೆ ಏರಿಸಬೇಕೆಂದರೆ ಭೌತಶಾಸ್ತ್ರ ಹಾಕಿಕೊಟ್ಟ ಮೇಲ್ಮಿತಿಯೇ ಒಂದಕ್ಕೆ 4.8. ನಿಜವಾದ ಯಂತ್ರ ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತೆ. ಅದೇ 30 ಡಿಗ್ರಿಯಿಂದ 60ಕ್ಕೆ ಸಾಕು ಅಂದರೆ ಮೇಲ್ಮಿತಿ 11. ಅದೇ ಯಂತ್ರ, ಅದೇ ಕರೆಂಟು, ಎರಡರಷ್ಟು ಬಿಸಿ. ಫಿನ್ಲೆಂಡಿನ ಜಾಲಗಳು ಕಟ್ಟಿದ್ದೇ ಬೆಂಕಿಯ ಕಾಲದಲ್ಲಿ. ಹೊರಗೆ ಹಿತವಾಗಿದ್ದಾಗ 65 ಡಿಗ್ರಿ ನೀರು ಬಿಟ್ಟರೆ ಕೊರೆಯುವ ಚಳಿಯಲ್ಲಿ 115ರವರೆಗೂ ಬಿಡುತ್ತಾರೆ. ಬೆಂಕಿಗೆ 65 ಆದರೇನು 115 ಆದರೇನು. ಹೀಟ್ ಪಂಪಿಗೆ ಅದು ಜೀವ ಹೋಗುವ ವ್ಯತ್ಯಾಸ. ಹಾಗಾಗಿ ನಗರ ವಿದ್ಯುತ್ತಿಗೆ ಬದಲಾಗಬೇಕೆಂದರೆ ಅರ್ಧ ಕೆಲಸ ನಿಮ್ಮ ಕಟ್ಟಡದ ಬೇಸ್‌ಮೆಂಟಿನಲ್ಲೇ ಇದೆ.

ಒಮ್ಮೆ ಇಳಿದು ನೋಡಿ, ಮೇಂಟೆನೆನ್ಸ್ ಕಂಪನಿಯವರು ಬಂದಾಗ ಕೇಳಿದರೆ ಬಾಗಿಲು ತೆಗೆದು ತೋರಿಸುತ್ತಾರೆ. ಸಣ್ಣ ಕೋಣೆ, ಕಾಲಿಟ್ಟ ಕೂಡಲೇ ಬೆವರು. ಬೀದಿಯಿಂದ ಎರಡು ದಪ್ಪ ಪೈಪು ಒಳಗೆ ಬಂದಿರುತ್ತವೆ, ಒಂದು ಬರೋದು, ಒಂದು ಹೋಗೋದು. ಅವು ಒಂದು ಉಕ್ಕಿನ ಪೆಟ್ಟಿಗೆಗೆ ಸೇರುತ್ತವೆ. ಒಳಗೆ ತೆಳು ತಗಡುಗಳು ಒತ್ತೊತ್ತಾಗಿ, ಒಂದು ಸಂದಿಯಲ್ಲಿ ನಗರದ ನೀರು, ಪಕ್ಕದ ಸಂದಿಯಲ್ಲಿ ನಿಮ್ಮ ರೇಡಿಯೇಟರಿನ ನೀರು. ಎರಡೂ ಬೆರೆಯೋದಿಲ್ಲ, ಬಿಸಿ ಮಾತ್ರ ದಾಟುತ್ತೆ. ಹೊರಗೋಡೆಯ ನೆರಳಿನ ಬದಿಗೆ ಬೆಂಕಿಪೊಟ್ಟಣದಷ್ಟಿನ ಸೆನ್ಸರ್ ಇರುತ್ತೆ. ಅದು ಹೊರಗಿನ ಚಳಿ ಹೇಳಿದಂತೆ ವಾಲ್ವು ತೆರೆದು ಮುಚ್ಚುತ್ತೆ. ಈಗ ಆ ಎರಡು ಪೈಪುಗಳ ಮೇಲಿನ ಥರ್ಮಾಮೀಟರ್ ನೋಡಿ. ಹೋಗುವ ನೀರು 40 ಡಿಗ್ರಿಯ ಆಸುಪಾಸು ಇದ್ದರೆ ಕಟ್ಟಡ ಬಿಸಿಯನ್ನು ಪೂರ್ತಿ ಹೀರಿಕೊಂಡಿದೆ. 60 ಇದ್ದರೆ ಬಂದ ಬಿಸಿಯಲ್ಲಿ ಬಹಳಷ್ಟು ಸುಮ್ನೆ ವಾಪಸ್ ಹೋಗುತ್ತಿದೆ. ಅದೇ 60 ಡಿಗ್ರಿ ನೀರನ್ನು ಹೀಟ್ ಪಂಪು ಮತ್ತೆ ಮೇಲೆತ್ತಬೇಕು.

60 ಆಗೋದು ಹೇಗೆ? ಬಹಳ ಸಲ ಕಾರಣ ಸಿಲ್ಲಿ. ಮೂಲೆ ಮನೆಯವರು ಚಳಿ ಅಂತ ದೂರು ಕೊಡುತ್ತಾರೆ. ಸೊಸೈಟಿಯವರು ಇಡೀ ಕಟ್ಟಡದ ಕಾವು ಏರಿಸುತ್ತಾರೆ. ಮಧ್ಯದ ಮನೆಯವರಿಗೆ ಸೆಕೆ, ಮೈನಸ್ 10ರಲ್ಲೂ ಕಿಟಕಿ ತೆರೆದು ಕೂರುತ್ತಾರೆ. ಮಾಡಬೇಕಾದ್ದು ಪ್ರತಿ ರೇಡಿಯೇಟರಿನ ನೀರಿನ ಹರಿವನ್ನು ಅಳೆದು ಸರಿದೂಗಿಸೋದು. ಬೇಸರದ ಕೆಲಸ, ಯಾರೂ ಫೋಟೋ ತೆಗೆಸಿಕೊಳ್ಳೋದಿಲ್ಲ, ಆದರೆ ನಗರದ ಕರೆಂಟು ಉಳಿಯೋದು ಇಲ್ಲಿ. ಹಾಗಂತ ಕಾವನ್ನು ಎಷ್ಟು ಬೇಕಾದರೂ ಇಳಿಸಿಬಿಡೋಕೂ ಆಗಲ್ಲ. ನಲ್ಲಿಯ ಬಿಸಿನೀರು 55 ಡಿಗ್ರಿಗಿಂತ ಕೆಳಗೆ ಹೋಗಬಾರದು ಅನ್ನೋದು ಇಲ್ಲಿನ ನಿಯಮ, ಇಲ್ಲದಿದ್ದರೆ ಪೈಪಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತೆ.

ನಿಮ್ಮ ಗೀಸರಿಗೆ ವಾಪಸ್ ಬರೋಣ. ಎಲೆಕ್ಟ್ರಿಕ್ ಬಾಯ್ಲರುಗಳನ್ನೂ ಹಾಕುತ್ತಿದ್ದಾರೆ, ಸುಳ್ಳಲ್ಲ, ಒಂದೊಂದೂ ಹತ್ತಾರು ಮೆಗಾವ್ಯಾಟಿನದು. ಅದರಲ್ಲಿ ಕಾಯಿಲ್ ಇರೋದಿಲ್ಲ. ಸಾವಿರಾರು ವೋಲ್ಟಿನ ಎಲೆಕ್ಟ್ರೋಡುಗಳನ್ನು ನೀರಿನಲ್ಲೇ ಇಳಿಸಿ, ಕರೆಂಟನ್ನು ನೀರಿನ ಮೂಲಕವೇ ಹರಿಸುತ್ತಾರೆ. ಒಂದಕ್ಕೆ ಒಂದೇ ಯೂನಿಟ್, ಹೌದು. ಆದರೆ ಯಂತ್ರ ಅಗ್ಗ, ನಿಮಿಷಗಳಲ್ಲಿ ಪೂರ್ತಿ ಬಲಕ್ಕೆ ಬರುತ್ತೆ, ಅಷ್ಟೇ ಬೇಗ ನಿಲ್ಲುತ್ತೆ. ಫಿನ್ಲೆಂಡಿನಲ್ಲಿ ಗಾಳಿ ವಿದ್ಯುತ್ತು 8,000 ಮೆಗಾವ್ಯಾಟ್ ದಾಟಿದೆ, 2023ರಿಂದ ಓಲ್ಕಿಲುವೋಟೋ 3 ಅಣುಸ್ಥಾವರದ 1,600 ಮೆಗಾವ್ಯಾಟ್ ಬೇರೆ. ಗಾಳಿ ಜೋರಾಗಿ ಬೀಸಿದ ರಾತ್ರಿ ಕೊಳ್ಳುವವರಿಲ್ಲದೆ ಬೆಲೆ ಸೊನ್ನೆಗೆ ಇಳಿಯುತ್ತೆ. ವರ್ಷದಲ್ಲಿ ನೂರಾರು ಗಂಟೆ ಸೊನ್ನೆಗಿಂತಲೂ ಕೆಳಗೆ ಹೋದದ್ದಿದೆ. ಆಗ ಬಾಯ್ಲರ್ ಹಾಕಿದರೆ ದುಂದು ಅನ್ನೋಕಾಗಲ್ಲ, ಇಲ್ಲದಿದ್ದರೆ ಗಾಳಿಯಂತ್ರವನ್ನೇ ನಿಲ್ಲಿಸಬೇಕಾಗುತ್ತಿತ್ತು. ಇಷ್ಟಾದರೂ ಮೊದಲು ಇದು ಬೆಳೆಯಲಿಲ್ಲ. ಬೆಳೆದದ್ದು 2022ರಲ್ಲಿ ತೆರಿಗೆ ಬದಲಾದ ಮೇಲೆ. ಜಾಲಕ್ಕೆ ಬಿಸಿ ಕೊಡುವ ದೊಡ್ಡ ಹೀಟ್ ಪಂಪು, ಬಾಯ್ಲರುಗಳ ಕರೆಂಟಿನ ಮೇಲಿನ ತೆರಿಗೆಯನ್ನು ಯೂನಿಟ್ಟಿಗೆ 2 ಸೆಂಟಿನ ಮೇಲಿದ್ದದ್ದನ್ನು 0.05 ಸೆಂಟಿಗೆ ಇಳಿಸಿದರು. ತಂತ್ರಜ್ಞಾನ ಅಂತ ಎಲ್ಲರೂ ಹೊಗಳುತ್ತಾರೆ, ನನ್ನ ಪ್ರಕಾರ ನಿಜವಾದ ಗುಂಡಿ ಒತ್ತಿದ್ದು ತೆರಿಗೆ ಇಲಾಖೆ.

ಅಗ್ಗದ ಗಂಟೆಯ ಬಿಸಿಯನ್ನು ತುಟ್ಟಿ ಗಂಟೆಗೆ ಉಳಿಸಬೇಕಲ್ಲ. ಮುಸ್ತಿಕ್ಕಮಾ ದ್ವೀಪದ ಬಂಡೆಯೊಳಗೆ ಹಿಂದೆ ತೈಲ ತುಂಬಿಡುತ್ತಿದ್ದ ಗುಹೆಗಳಿದ್ದವು. ಅವನ್ನೇ 2021ರಲ್ಲಿ ಬಿಸಿನೀರಿನ ಭಂಡಾರ ಮಾಡಿದರು. 2,60,000 ಘನ ಮೀಟರ್ ಜಾಗ, 11.6 ಗಿಗಾವ್ಯಾಟ್-ಅವರ್ ಬಿಸಿ, ಅಂದರೆ 1.16 ಕೋಟಿ ಯೂನಿಟ್. ಸುದ್ದಿಯಲ್ಲಿ ಇದನ್ನು ಕೇಳಿದರೆ ಚಳಿಗಾಲ ಕಳೆದೇಹೋಯಿತು ಅನಿಸುತ್ತೆ. ಲೆಕ್ಕ ಹಾಕಿ. ಇದು ಕೊಡಬಲ್ಲದ್ದು 120 ಮೆಗಾವ್ಯಾಟ್, ನಾಲ್ಕು ದಿನ. ನಗರಕ್ಕೆ ಬೇಕಾದ್ದು 2,500. ಅಂದರೆ ನೂರರಲ್ಲಿ ಐದು ಪಾಲು. ರಾತ್ರಿಯ ಗಾಳಿಯನ್ನು ಬೆಳಗಿನ ಸ್ನಾನಕ್ಕೆ ದಾಟಿಸಲು ಬೇಕಾದಷ್ಟಾಯಿತು, ಚಳಿಗಾಲ ದಾಟಿಸಲು ಏನೇನೂ ಅಲ್ಲ. ಪಕ್ಕದ ವಂತಾ ನಗರ 90 ಗಿಗಾವ್ಯಾಟ್-ಅವರ್‌ನ ಗುಹೆಯ ಯೋಜನೆ ಹಾಕಿತ್ತು, ಒತ್ತಡದಲ್ಲಿ 140 ಡಿಗ್ರಿ ನೀರು ಇಡುವಂಥದ್ದು. ಪೊರ್ನೈನೆನ್ ಅನ್ನುವ ಸಣ್ಣ ಊರಿನಲ್ಲಿ 2025ರಿಂದ ಬಳಪದ ಕಲ್ಲಿನ ಪುಡಿಯಲ್ಲಿ ಬಿಸಿ ಕೂಡಿಡುತ್ತಿದ್ದಾರೆ, 1 ಮೆಗಾವ್ಯಾಟ್, 100 ಮೆಗಾವ್ಯಾಟ್-ಅವರ್. 'ಮರಳಿನ ಬ್ಯಾಟರಿ' ಅಂತ ವಾಟ್ಸಾಪಿನಲ್ಲಿ ನಿಮಗೂ ಬಂದಿರಬಹುದು. ಸಣ್ಣ ಊರಿಗೆ ಒಳ್ಳೆಯದು.

ಈಗ ನಿಮ್ಮ ನಿಜವಾದ ಭಯ, ಮೈನಸ್ 20. ಇಲ್ಲಿ ಭಾರೀ ಚಳಿ ಬರೋದು ಬಹಳ ಸಲ ಆಕಾಶ ತಿಳಿಯಾಗಿ ಗಾಳಿ ಸತ್ತ ದಿನಗಳಲ್ಲಿ. ಅಂದರೆ ಬಿಸಿ ಅತಿ ಜಾಸ್ತಿ ಬೇಕಾದಾಗಲೇ ಗಾಳಿಯಂತ್ರ ಮಲಗಿರುತ್ತೆ, ಹಳೇ ಸ್ಥಾವರದ ಕರೆಂಟೂ ಇಲ್ಲ. 2024ರ ಜನವರಿ 5ರಂದು ಇದನ್ನು ಎಲ್ಲರೂ ನೋಡಿದರು. ಆ ದಿನದ ಸರಾಸರಿ ಸಗಟು ಬೆಲೆ ಮೆಗಾವ್ಯಾಟ್-ಅವರ್‌ಗೆ 890 ಯೂರೋ, ಸಂಜೆಯ ಒಂದು ಗಂಟೆಯಲ್ಲಿ 1,896. ಒಂದು ಯೂನಿಟ್ಟಿಗೆ ಸುಮಾರು 1.90 ಯೂರೋ, ತೆರಿಗೆ ಬಿಟ್ಟು. ಆ ಗಂಟೆಯಲ್ಲಿ ಎಲೆಕ್ಟ್ರಿಕ್ ಬಾಯ್ಲರ್ ಹಾಕುವವನನ್ನು ಕೆಲಸದಿಂದ ತೆಗೆಯಬೇಕು. ಯಾರೂ ಹಾಕೋದಿಲ್ಲ. ಬಾಯ್ಲರ್ ಆರಿಸುತ್ತಾರೆ, ಗುಹೆಯ ನೀರು ಬಿಡುತ್ತಾರೆ, ನಗರದ ವೂಸಾರಿ ಸ್ಥಾವರದಲ್ಲಿ ಮರದ ಚಕ್ಕೆ ಉರಿಯುತ್ತೆ. ಸಾಲದಿದ್ದರೆ ಗ್ಯಾಸು, ತೈಲದ ಹಳೇ ಬಾಯ್ಲರುಗಳೂ ಎದ್ದೇಳುತ್ತವೆ. ಅವನ್ನು ಕಿತ್ತುಹಾಕಿಲ್ಲ. ಕಲ್ಲಿದ್ದಲು ಹೋಯಿತು ಅಂದರೆ ಬೆಂಕಿಯೇ ಹೋಯಿತು ಅಂತಲ್ಲ, ಜಾಹೀರಾತು ಓದಿ ಹಾಗೆ ಅಂದುಕೊಳ್ಳಬೇಡಿ. ವರ್ಷದ ಕೆಲವೇ ದಿನ ಉರಿಯುವ ಬೆಂಕಿಯ ಬಗ್ಗೆ ನನಗೆ ಅಷ್ಟೇನೂ ಆತಂಕ ಇಲ್ಲ. ಮರದ ಚಕ್ಕೆಯನ್ನು ವರ್ಷವಿಡೀ ಸುಡುವ ಬಗ್ಗೆ ಇದೆ, ಆದರೆ ಅದು ಬೇರೆಯೇ ಜಗಳ.

ಕರೆಂಟು ಹೋದರೆ? ಇದಕ್ಕೆ ಉತ್ತರ ಕೇಳಿ ನಿಮಗೆ ಆಶ್ಚರ್ಯ ಆಗಬಹುದು: ಕಲ್ಲಿದ್ದಲಿನ ಕಾಲದಲ್ಲೂ ನಿಮ್ಮ ರೇಡಿಯೇಟರ್ ನಿಲ್ಲುತ್ತಿತ್ತು. ಬೇಸ್‌ಮೆಂಟಿನಿಂದ ಮಹಡಿಗಳಿಗೆ ನೀರು ಓಡಿಸೋದು ಒಂದು ಸಣ್ಣ ಕರೆಂಟು ಪಂಪು. ನಿಮ್ಮ ಬೀದಿಯಲ್ಲಿ ಕರೆಂಟು ಹೋದರೆ ಅದು ನಿಂತಿತು, ಸ್ಥಾವರದಲ್ಲಿ ಏನು ಉರಿಯುತ್ತಿದ್ದರೂ ಅಷ್ಟೇ. ಹೆಲ್ಸಿಂಕಿಯ ತಂತಿಗಳು ಬಹುಪಾಲು ನೆಲದಡಿ ಇರೋದರಿಂದ ದೀರ್ಘ ಕಡಿತ ಅಪರೂಪ. ಆದರೂ ಹೋದರೆ, ಕಲ್ಲು-ಕಾಂಕ್ರೀಟಿನ ಅಪಾರ್ಟ್‌ಮೆಂಟು ಗಂಟೆಗಟ್ಟಲೆ ಬಿಸಿ ಹಿಡಿದುಕೊಳ್ಳುತ್ತೆ. ಕಿಟಕಿ ಮುಚ್ಚಿ, ಪರದೆ ಎಳೆದು, ಒಂದೇ ಕೋಣೆಯಲ್ಲಿ ಎಲ್ಲರೂ ಸೇರಿಕೊಳ್ಳಿ. ಗ್ಯಾಸ್ ಒಲೆ ಇದ್ದರೆ ಅದರಿಂದ ಮನೆ ಕಾಯಿಸಲು ಮಾತ್ರ ಹೋಗಬೇಡಿ, ಕಾರ್ಬನ್ ಮಾನಾಕ್ಸೈಡಿನ ಅಪಾಯ.

ಇನ್ನು ಬಿಲ್ ವಿಷಯ. ನೀವು ಬಾಡಿಗೆಗಿದ್ದರೆ ಬಿಸಿಯ ಖರ್ಚು ಸಾಮಾನ್ಯವಾಗಿ ಬಾಡಿಗೆಯೊಳಗೇ ಇರುತ್ತೆ, ಸ್ವಂತ ಮನೆಯಾದರೆ ಸೊಸೈಟಿಗೆ ಕಟ್ಟುವ ತಿಂಗಳ ಮೇಂಟೆನೆನ್ಸಿನೊಳಗೆ. ಜನವರಿ 5ರಂಥ ದಿನದ ಬೆಲೆ ನೇರವಾಗಿ ನಿಮ್ಮ ತಲೆಗೆ ಬೀಳಲ್ಲ. ಜಾಲದ ದರ ಋತುವಿಗೆ ತಕ್ಕಂತೆ ಮೊದಲೇ ನಿಗದಿಯಾಗಿರುತ್ತೆ, ಅಪಾಯ ಹೊರೋದು ಕಂಪನಿ. ಒಟ್ಟಾರೆ ದರ ಮುಂದೆ ಏರುತ್ತೋ ಇಳಿಯುತ್ತೋ ಅನ್ನೋದು ಅಗ್ಗದ ಗಂಟೆಗಳು ಎಷ್ಟು ಸಿಗುತ್ತವೆ ಅನ್ನೋದರ ಮೇಲಿದೆ. ಡೇಟಾ ಸೆಂಟರು, ಉಕ್ಕು, ಹೈಡ್ರೋಜನ್ ಅಂತ ಎಲ್ಲರೂ ಅದೇ ಅಗ್ಗದ ಗಾಳಿ ಕರೆಂಟಿಗೆ ಸಾಲು ನಿಂತರೆ ಅದು ಅಗ್ಗವಾಗಿ ಉಳಿಯೋದಿಲ್ಲ. ನಾನು ಗಮನ ಇಡೋದು ಅದರ ಮೇಲೆ.

ನಿಮ್ಮ ಕೈಯಲ್ಲಿರೋದು ಇಷ್ಟು. ರೇಡಿಯೇಟರ್ ಮುಂದೆ ಸೋಫಾ ಇಡಬೇಡಿ, ಅದರ ಥರ್ಮೋಸ್ಟಾಟಿನ (ಕೋಣೆಯ ಕಾವು ನೋಡಿ ನೀರು ಬಿಡುವ ತಿರುಗುಗುಂಡಿ) ಮೇಲೆ ಪರದೆ ಬೀಳದಂತೆ ನೋಡಿ, ಪರದೆಯ ಹಿಂದಿನ ಸೆಕೆಗೆ ಅದು ಮೋಸಹೋಗಿ ನೀರು ನಿಲ್ಲಿಸಿಬಿಡುತ್ತೆ. ಚಳಿಯಾದಾಗ ಥರ್ಮೋಸ್ಟಾಟನ್ನು ಕೊನೆಯ ಅಂಕಿ 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಕಾಯೋದೂ ಇಲ್ಲ. ಸ್ವಂತ ಮನೆಯಾಗಿದ್ದರೆ ಸೊಸೈಟಿಯ ವಾರ್ಷಿಕ ಸಭೆಗೆ ಹೋಗಿ, ರೇಡಿಯೇಟರುಗಳ ಹರಿವನ್ನು ಕೊನೆಯ ಸಲ ಸರಿದೂಗಿಸಿದ್ದು ಯಾವಾಗ, ಈಗ ವಾಪಸ್ ಹೋಗುವ ನೀರು ಎಷ್ಟು ಡಿಗ್ರಿ ಅಂತ ಕೇಳಿ. ಎರಡನೇ ಪ್ರಶ್ನೆಗೆ ಅಲ್ಲೇ ಉತ್ತರ ಸಿಗದಿದ್ದರೆ, ಮೀಟರಿನ ರೀಡಿಂಗು ಹೆಲೆನ್ ಹತ್ತಿರ ಇರುತ್ತೆ, ಮ್ಯಾನೇಜರ್ ತರಿಸಿ ಕೊಡಬಹುದು.